ಶರಾವತಿ ಕಣಿವೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶರಾವತಿ ಕಣಿವೆಯ ಬಗ್ಗೆ ಮಾತುಕತೆಗಳಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಲಾಗಿದೆ. ಪ್ರವಾಸಕ್ಕೆ ಬರುವವರು ಕೇಳುವ ಪ್ರಶ್ನೆಗಳು ಮೊದಲು ಬರುತ್ತವೆ. ಕಣಿವೆಯಲ್ಲೇ ಬದುಕುವವರು ಕೇಳುವ, ಉತ್ತರಿಸಲು ಕಷ್ಟವಾದ ಪ್ರಶ್ನೆಗಳು ಕೊನೆಯಲ್ಲಿವೆ. ಕೇಳಿದವರ ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.

## ಹೊಸಬರಿಗೆ

ಶರಾವತಿ ಕಣಿವೆ ಅಂದರೆ ಜೋಗ ಜಲಪಾತ ಮಾತ್ರವೇ? ಅದು ಎಲ್ಲಿಂದ ಎಲ್ಲಿಯವರೆಗೆ?

ಜೋಗ ಈ ಕಣಿವೆಯ ಒಂದು ತಿರುವು ಮಾತ್ರ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ನದಿ ಹೊಸನಗರ ಮತ್ತು ಸಾಗರ ತಾಲ್ಲೂಕುಗಳನ್ನು ಹಾದು, ಸಿದ್ದಾಪುರ ತಾಲ್ಲೂಕಿನ ಗಡಿಯಲ್ಲಿ ಜೋಗದ ಕಮರಿಗೆ ಧುಮುಕಿ, ಗೇರುಸೊಪ್ಪೆಯ ಹೊತ್ತಿಗೆ ಘಟ್ಟ ಇಳಿದು, ಹೊನ್ನಾವರದಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಒಟ್ಟು ಹರಿವು ಸುಮಾರು 128 ಕಿಲೋಮೀಟರ್. ನಂದಿಹೊಳೆ, ಹರಿದ್ರಾವತಿ, ಮಾವಿನಹೊಳೆ, ಹಿಲ್ಕುಂಜಿ, ಎಣ್ಣೆಹೊಳೆ ಮುಂತಾದ ಹೊಳೆಗಳು ದಾರಿಯುದ್ದಕ್ಕೂ ಬಂದು ಕೂಡುತ್ತವೆ. ಉದ್ದದಲ್ಲಿ ಸಣ್ಣದಾದ ಈ ನದಿಗೆ ಮೂರು ಬೇರೆ ಬೇರೆ ಲೋಕಗಳಿವೆ: ಗದ್ದೆ, ಅಡಿಕೆ ತೋಟ ಮತ್ತು ಹಿನ್ನೀರಿನ ಮೇಲ್ಕಣಿವೆ, ನಿತ್ಯಹರಿದ್ವರ್ಣ ಕಾಡು ಮತ್ತು ಕಮರಿಯ ನಡುಗಣಿವೆ, ಉಪ್ಪುನೀರು, ಕಾಂಡ್ಲಾ ಕಾಡು (ಮ್ಯಾಂಗ್ರೋವ್) ಮತ್ತು ಮೀನುಗಾರಿಕೆಯ ಕೆಳಗಣಿವೆ. ಘಟ್ಟದ ಮೇಲಿನವರ ಸಮಸ್ಯೆ ಕೆಳಗಿನವರಿಗೂ, ಕೆಳಗಿನವರ ಸಮಸ್ಯೆ ಮೇಲಿನವರಿಗೂ ತಿಳಿಯುವುದು ಅಪರೂಪ. ಕಣಿವೆ ಶಿವಮೊಗ್ಗ ಮತ್ತು ಉತ್ತರ ಕನ್ನಡ ಎಂಬ ಎರಡು ಜಿಲ್ಲೆಗಳಾಗಿ ಹಂಚಿಹೋಗಿರುವುದೂ ಇದಕ್ಕೆ ಒಂದು ಕಾರಣವಿರಬೇಕು.

ನಾವು ಮಾರ್ಚ್‌ನಲ್ಲಿ ಜೋಗಕ್ಕೆ ಬಂದು ಬರೀ ಬಂಡೆ ನೋಡಿಕೊಂಡು ಹೋದೆವು. ನೀರು ನಿಜಕ್ಕೂ ಯಾವಾಗ ಇರುತ್ತದೆ?

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬಂದರೆ ನಿರಾಶೆಯಾಗುವ ಸಂಭವ ಕಡಿಮೆ. ಜಲಪಾತದ ಮೇಲ್ಭಾಗದಲ್ಲಿರುವ ಲಿಂಗನಮಕ್ಕಿ ಜಲಾಶಯ ನದಿಯ ನೀರನ್ನು ತಡೆದು ವಿದ್ಯುತ್ ಉತ್ಪಾದನೆಗೆ ಬೇರೆ ದಾರಿಯಲ್ಲಿ ಕಳುಹಿಸುವುದರಿಂದ, ಮಳೆಗಾಲದಲ್ಲಿ ನಾವು ನೋಡುವ ನೀರಿನ ಹೆಚ್ಚಿನ ಭಾಗ ಅಣೆಕಟ್ಟಿನ ಕೆಳಗಿನ ಜಲಾನಯನದಲ್ಲಿ ಬಿದ್ದ ಮಳೆಯದು. ಜಲಾಶಯ ತುಂಬುವ ಹಂತಕ್ಕೆ ಬಂದು ಗೇಟುಗಳನ್ನು ತೆರೆದಾಗ ಮಾತ್ರ ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲುಗಳು ಒಂದಾಗಿ ಇಡೀ ಬಂಡೆಯನ್ನೇ ಮುಚ್ಚುವ ದೃಶ್ಯ ಸಿಗುತ್ತದೆ. ಜಲಾಶಯ ಪ್ರತಿ ವರ್ಷವೂ ತುಂಬುವುದಿಲ್ಲ. ಮಂಜು ಕವಿದರೆ ಗಂಟೆಗಟ್ಟಲೆ ಏನೂ ಕಾಣದೆ ಸದ್ದು ಮಾತ್ರ ಕೇಳಿಸುವುದೂ ಉಂಟು. ಅಂಥ ಸಮಯದಲ್ಲಿ ಅವಸರ ಮಾಡದೆ ಕಾಯುವುದೊಂದೇ ಉಪಾಯ.

ಜೋಗ ಭಾರತದ ಅತಿ ಎತ್ತರದ ಜಲಪಾತ ಎಂದು ಶಾಲೆಯಲ್ಲಿ ಓದಿದ್ದೆವು. ಅದು ಸರಿಯೇ?

ಸರಿಯಲ್ಲ. ಜೋಗದ ಎತ್ತರ 253 ಮೀಟರ್, ಅಂದರೆ ಸುಮಾರು 830 ಅಡಿ. ಮೇಘಾಲಯದ ನೋಹ್ಕಾಲಿಕಾಯ್ 340 ಮೀಟರ್ ಎತ್ತರದಿಂದ ಬೀಳುತ್ತದೆ. ಜೋಗದ ಹೆಚ್ಚುಗಾರಿಕೆಯನ್ನು ಎತ್ತರದ ದಾಖಲೆಯಲ್ಲಿ ಹುಡುಕಬೇಕಿಲ್ಲ. ಒಂದೇ ನದಿ ಒಂದೇ ಅಂಚಿನಿಂದ ನಾಲ್ಕು ಬಗೆಯಲ್ಲಿ ಬೀಳುವುದನ್ನು ಎದುರಿನ ದಡದಲ್ಲಿ ನಿಂತು ಪೂರ್ತಿಯಾಗಿ ನೋಡುವ ಅವಕಾಶ ಬೇರೆಡೆ ಸುಲಭವಾಗಿ ಸಿಗದು. 1956ರವರೆಗೆ ಈ ನದಿಯ ಒಂದು ದಡ ಮೈಸೂರಿಗೂ ಇನ್ನೊಂದು ಮುಂಬಯಿ ಪ್ರಾಂತ್ಯಕ್ಕೂ ಸೇರಿದ್ದರಿಂದ ಎರಡೂ ಕಡೆ ಬೇರೆ ಬೇರೆ ಬಂಗಲೆಗಳು ಎದ್ದವು ಎಂಬುದು ಇಲ್ಲಿನ ಇತಿಹಾಸದ ಒಂದು ಸಣ್ಣ ತಮಾಷೆ.

ಬೇಸಿಗೆಯಲ್ಲಿ ಹಿನ್ನೀರಿನ ನಡುವೆ ಹಳೆಯ ಅಣೆಕಟ್ಟೊಂದು ಕಾಣುತ್ತದಲ್ಲ, ಅದು ಯಾವುದು?

ಅದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಜೋಗದಲ್ಲಿ ಮೊದಲ ವಿದ್ಯುದಾಗಾರ ಆರಂಭವಾದಾಗ ಅದಕ್ಕೆ ನೀರು ಒದಗಿಸಲು 1940ರ ದಶಕದಲ್ಲಿ ಮೈಸೂರು ಸಂಸ್ಥಾನ ಇದನ್ನು ಕಟ್ಟಿಸಿತು. ಹೆಚ್ಚುವರಿ ನೀರು ಗೇಟಿನ ನೆರವಿಲ್ಲದೆ ತಾನಾಗಿಯೇ ಹೊರಹೋಗುವಂತೆ ಮಾಡಿದ ಸೈಫನ್‌ಗಳು ಇದರ ವಿಶೇಷ. 1964ರಲ್ಲಿ ಇದಕ್ಕಿಂತ ಬಹಳ ದೊಡ್ಡದಾದ ಲಿಂಗನಮಕ್ಕಿ ಪೂರ್ಣಗೊಂಡಾಗ ಹಳೆಯ ಅಣೆಕಟ್ಟು ಹೊಸದರ ನೀರಿನಲ್ಲಿ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ಮೇಲೆದ್ದು ನೋಡುಗರನ್ನು ಸೆಳೆಯುತ್ತದೆ. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ, ಸಂಗ್ರಹ ಸಾಮರ್ಥ್ಯ 151.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಪಕ್ಕದ ಕಾಳಿ ನದಿಯ ಸೂಪಾ ಜಲಾಶಯಕ್ಕಿಂತಲೂ ಇದು ತುಸು ದೊಡ್ಡದು. ಚಕ್ರಾ ಮತ್ತು ಸಾವೇಹಕ್ಲು ಜಲಾಶಯಗಳ ನೀರನ್ನೂ ತಿರುಗಿಸಿ ಇದಕ್ಕೆ ತುಂಬಲಾಗುತ್ತದೆ. ಮಳೆಗಾಲದಲ್ಲಿ ಈ ಭಾಗದ ಮನೆಗಳಲ್ಲಿ ‘ಇವತ್ತು ಎಷ್ಟು ಅಡಿ?’ ಎಂಬ ಪ್ರಶ್ನೆಗೆ ವಿವರಣೆಯೇ ಬೇಕಿಲ್ಲ.

ಸಿಗಂದೂರಿಗೆ ಈಗಲೂ ಲಾಂಚಿನಲ್ಲೇ ಹೋಗಬೇಕೇ?

ಬೇಕಿಲ್ಲ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಹಿನ್ನೀರಿಗೆ ಅಡ್ಡಲಾಗಿ ಕಟ್ಟಿದ, ಎರಡು ಕಿಲೋಮೀಟರಿಗಿಂತ ಉದ್ದದ ತೂಗು ಕೇಬಲ್ ಮಾದರಿಯ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಇದಕ್ಕೆ 470 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚವಾಗಿದೆ. ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಹೋಗುವ ಭಕ್ತರಿಗೆ ಇದು ಅನುಕೂಲದ ಸಂಗತಿ. ಆದರೆ ತುಮರಿ ಮತ್ತು ಸುತ್ತಲಿನ ಕರೂರು ಹೋಬಳಿಯವರಿಗೆ ಇದರ ಅರ್ಥವೇ ಬೇರೆ. ಲಿಂಗನಮಕ್ಕಿ ತುಂಬಿದ ದಿನದಿಂದ ತಾಲ್ಲೂಕು ಕೇಂದ್ರದೊಂದಿಗಿನ ನೇರ ದಾರಿ ಕಡಿದುಹೋಗಿ, ಹೆರಿಗೆಗಾಗಲಿ ಹಾವು ಕಚ್ಚಿದ್ದಕ್ಕಾಗಲಿ ರಾತ್ರಿ ಹೊತ್ತು ಹೊಳೆ ದಾಟುವ ಮಾರ್ಗವೇ ಇಲ್ಲದೆ ಅರವತ್ತು ವರ್ಷ ಕಳೆದವರು ಅವರು. ರಾಜ್ಯಕ್ಕೆ ಬೆಳಕು ಕೊಟ್ಟ ಅಣೆಕಟ್ಟಿನಿಂದಾಗಿ ನಡುಗಡ್ಡೆಯಂತಾದ ಊರುಗಳಿಗೆ ಸೇತುವೆ ಇಷ್ಟು ತಡವಾಗಿ ಬಂದದ್ದಕ್ಕೆ ತಾಂತ್ರಿಕ ಕಾರಣಗಳನ್ನು ಹೇಳುವುದು ಕಷ್ಟ. ಹಿನ್ನೀರಿನ ಬೇರೆ ಕಡವುಗಳಾದ ಹಸಿರುಮಕ್ಕಿ ಮತ್ತು ಮುಪ್ಪಾನೆಗಳಲ್ಲಿ ಓಡುತ್ತ ಬಂದ ಲಾಂಚುಗಳು ಬೇಸಿಗೆಯಲ್ಲಿ ನೀರು ಇಳಿದಾಗ ನಿಂತುಹೋಗುತ್ತವೆ; ಆ ದಾರಿಯಲ್ಲಿ ಬರುವವರು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

## ಕಾಡು ಮತ್ತು ಜೀವಿಗಳು

ಸಿಂಗಳೀಕ, ಮುಸಿಯ ಎರಡೂ ಒಂದೇ ಅಲ್ಲವೇ? ಒಂದು ಕೋತಿಗಾಗಿ ಇಷ್ಟು ದೊಡ್ಡ ಅಭಯಾರಣ್ಯ ಬೇಕೇ?

ಒಂದೇ ಅಲ್ಲ. ಮುಸಿಯ ಬೂದು ಮೈ, ಕಪ್ಪು ಮುಖ, ಉದ್ದ ಬಾಲದ ಪ್ರಾಣಿ. ಎಲೆ ತಿನ್ನುತ್ತದೆ, ತೋಟಕ್ಕೂ ಬರುತ್ತದೆ. ಸಿಂಗಳೀಕದ್ದು ಕಪ್ಪು ಮೈ, ಮುಖದ ಸುತ್ತ ಬೆಳ್ಳಗಿನ ಕೇಸರ, ತುದಿಯಲ್ಲಿ ಕುಚ್ಚಿರುವ ಗಿಡ್ಡ ಬಾಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಬದುಕದ ಪ್ರಾಣಿ ಇದು. ಘಟ್ಟಸಾಲಿನಲ್ಲಿ ಇದರ ನೆಲೆಯ ಉತ್ತರದ ಅಂಚು ಇರುವುದು ಶರಾವತಿ ಮತ್ತು ಅಘನಾಶಿನಿ ಕಣಿವೆಗಳ ನಡುವಿನ ಕಾಡಿನಲ್ಲಿ. ಇಲ್ಲಿ ಸುಮಾರು 700 ಸಿಂಗಳೀಕಗಳಿವೆ ಎಂಬುದು ಅಧ್ಯಯನಕಾರರ ಅಂದಾಜು.

ಸಿಂಗಳೀಕ ನೆಲಕ್ಕೆ ಇಳಿಯುವುದು ಬಹಳ ಕಡಿಮೆ. ಮರದಿಂದ ಮರಕ್ಕೆ ಕೊಂಬೆಗಳ ಮೇಲೆಯೇ ಸಾಗುವ ಇದಕ್ಕೆ ವರ್ಷವಿಡೀ ಒಂದಲ್ಲ ಒಂದು ಹಣ್ಣು ಸಿಗುವ ಕಾಡು ಬೇಕು. ಆದ್ದರಿಂದ ಕಾಡಿನ ವಿಸ್ತೀರ್ಣ ಕಾಗದದ ಮೇಲೆ ಅಷ್ಟೇ ಇದ್ದರೂ, ನಡುವೆ ಒಂದು ಅಗಲ ರಸ್ತೆಯೋ ವಿದ್ಯುತ್ ಮಾರ್ಗವೋ ಬಂದು ನೆತ್ತಿಯ ಕೊಂಬೆಗಳ ಸಾಲು ತುಂಡಾದರೆ ಒಂದು ಗುಂಪು ಇನ್ನೊಂದರಿಂದ ಬೇರ್ಪಡುತ್ತದೆ. 1972ರಲ್ಲಿ ಘೋಷಿಸಿದ 431 ಚದರ ಕಿಲೋಮೀಟರಿನ ಶರಾವತಿ ಕಣಿವೆ ವನ್ಯಜೀವಿ ಅಭಯಾರಣ್ಯವನ್ನು, ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಮತ್ತು ಇತರ ಕಾಡುಗಳೊಂದಿಗೆ ಸೇರಿಸಿ 2019ರಲ್ಲಿ 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವಾಗಿ ವಿಸ್ತರಿಸಿದ್ದರ ಹಿಂದಿನ ತರ್ಕ ಇದು. ಉಪ್ಪಾಗೆ ಎಂಬ ಹುಳಿ ಕಾಡುಹಣ್ಣಿಗೆ ಬೆಲೆ ಬಂದ ವರ್ಷಗಳಲ್ಲಿ ಕೊಂಬೆ ಸಮೇತ ಕಡಿದು ಕೊಯ್ಯುವುದು ಸಿಂಗಳೀಕದ ಊಟವನ್ನೇ ಕಸಿಯುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು; ಅಪಾಯವೆಲ್ಲ ದೊಡ್ಡ ಯೋಜನೆಗಳಿಂದಲೇ ಬರುತ್ತದೆ ಎಂದುಕೊಂಡರೆ ಅರ್ಧ ಸತ್ಯವಾಗುತ್ತದೆ.

ಕತ್ತಲೆಕಾನಿನಲ್ಲಿ ನೋಡುವಂಥದ್ದು ಏನಿದೆ? ಬರೀ ಕೆಸರು ಎಂದರು.

ಕೆಸರು ಹೌದು, ಆದರೆ ಆ ಕೆಸರಿನಷ್ಟು ಅಪರೂಪದ್ದು ಈ ಕಣಿವೆಯಲ್ಲಿ ಇನ್ನೊಂದಿಲ್ಲ. ಜೋಗದಿಂದ ಹೊನ್ನಾವರದ ಕಡೆ ಘಟ್ಟ ಇಳಿಯುವ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನಲ್ಲಿರುವ ಕತ್ತಲೆಕಾನು ರಾಂಪತ್ರೆ ಜಾತಿಯ ಮರಗಳು ಬೆಳೆಯುವ ಸಿಹಿನೀರಿನ ಜೌಗು ಕಾಡು. ಸದಾ ನೀರು ನಿಲ್ಲುವ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲವಾದ್ದರಿಂದ, ಕೆಲವು ಮರಗಳ ಬೇರುಗಳು ಮಂಡಿ ಮಡಚಿದಂತೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗಿಳಿಯುತ್ತವೆ. ಇನ್ನು ಕೆಲವು ಕಾಂಡದಿಂದಲೇ ಊರುಗೋಲಿನಂಥ ಬೇರು ಬಿಡುತ್ತವೆ. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇಲ್ಲಿ ಗೇರಿನ ಕುಟುಂಬಕ್ಕೆ ಸೇರಿದ, ಅದುವರೆಗೆ ವಿಜ್ಞಾನಕ್ಕೆ ಗೊತ್ತಿಲ್ಲದ ಮರವೊಂದು ಪತ್ತೆಯಾಗಿ, ಅದಕ್ಕೆ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಈ ಕಾನಿನ ಹೆಸರನ್ನೇ ಇಡಲಾಯಿತು. ಅಡಿಕೆ ತೋಟಕ್ಕೂ ಗದ್ದೆಗೂ ಬೇಕಾದದ್ದು ಇಂಥದೇ ತೇವದ ತಗ್ಗು ನೆಲವಾದ್ದರಿಂದ ಹಿಂದೆ ಇದ್ದ ಎಷ್ಟೋ ಜಡ್ಡಿಗಳು (ಇಂಥ ಜೌಗು ಕಾಡುಗಳು) ತೋಟಗಳಾಗಿವೆ. ನೋಡಲು ಹೋಗುವವರು ಅರಣ್ಯ ಇಲಾಖೆಯ ಅನುಮತಿ ಪಡೆದು, ಬೇರುಗಳನ್ನು ತುಳಿಯದೆ ಬರಬೇಕು. ತುಳಿಯುವುದೇ ಆದರೆ ಹೋಗದಿರುವುದು ಮೇಲು.

ಮಂಗನ ಕಾಯಿಲೆಗೆ ಹೆದರಿ ಪ್ರವಾಸ ರದ್ದು ಮಾಡಬೇಕೇ? ಊರಿನವರು ಏನು ಮಾಡುತ್ತಾರೆ?

ಮುಖ್ಯ ರಸ್ತೆ, ವೀಕ್ಷಣಾ ಸ್ಥಳ, ದೇವಸ್ಥಾನಗಳಿಗೆ ಬಂದು ಹೋಗುವವರು ರದ್ದು ಮಾಡಬೇಕಿಲ್ಲ. ಡಿಸೆಂಬರಿನಿಂದ ಮೇ ಕೊನೆಯವರೆಗೆ ಕಾಡಿನೊಳಗೆ ನಡೆಯುವವರು ಎಚ್ಚರ ವಹಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ವೈರಸ್ ಹರಡುವುದು ಉಣುಗುಗಳ ಕಡಿತದಿಂದ. ಸೋಂಕು ತಗುಲಿದ ಮುಸಿಯ ಮತ್ತು ಕೆಂಪುಮೂತಿ ಮಂಗಗಳು ಸತ್ತಾಗ, ಅವುಗಳ ಮೈ ಮೇಲಿನ ಉಣುಗುಗಳು ಸುತ್ತಲಿನ ತರಗೆಲೆಗೆ ಉದುರಿ, ದರಕು ಗುಡಿಸಲೋ ಸೌದೆ ತರಲೋ ಹೋದವರನ್ನು ಕಚ್ಚುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ.

ಇದ್ದಕ್ಕಿದ್ದಂತೆ ತೀವ್ರ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಈ ಕಾಯಿಲೆಗೆಂದೇ ಇರುವ ಔಷಧಿ ಇಲ್ಲ. ಬೇಗ ಆಸ್ಪತ್ರೆಗೆ ಸೇರಿ ರಕ್ತಸ್ರಾವ ಮತ್ತು ನಿರ್ಜಲತೆಯನ್ನು ನಿಭಾಯಿಸಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಇದು ಹಲವರನ್ನು ಬಲಿ ತೆಗೆದುಕೊಂಡಿತು. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡದ ಕಾರಣ ಅದನ್ನು ನಿಲ್ಲಿಸಲಾಗಿದ್ದು, ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂದಾಳತ್ವದಲ್ಲಿ ನಡೆದಿದೆ. ಅಲ್ಲಿಯವರೆಗೆ ಊರಿನವರ ಕೈಯಲ್ಲಿರುವುದು ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ, ಕಾಡಿನಿಂದ ಬಂದ ಕೂಡಲೇ ಬಿಸಿನೀರಿನ ಸ್ನಾನ, ಮತ್ತು ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸುವುದು.

ಅಪ್ಪೆಮಿಡಿ ಈಗ ಯಾಕೆ ಇಷ್ಟು ದುಬಾರಿ?

ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಾವಿನ ಮಿಡಿಯಾದ ಅಪ್ಪೆಮಿಡಿಯ ಹಳೆಯ ಮರಗಳು ಹೊಳೆದಂಡೆಯ ಸಹಜ ಮರಗಳು. ಶರಾವತಿಯ ಮೇಲ್ದಂಡೆಯ ಬಹುಭಾಗ ಹಿನ್ನೀರಿನಡಿ ಹೋದಾಗ ಅವೂ ಹೋದವು. ಉಳಿದವುಗಳಲ್ಲಿ ಎಷ್ಟನ್ನೋ ಒಂದೇ ವರ್ಷದ ಮಿಡಿಗಾಗಿ ಕೊಂಬೆ ಕಡಿದು ಹಾಳುಮಾಡಲಾಯಿತು. ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, ಕಸಿ ಗಿಡಗಳೂ ಬಂದಿವೆ. ಸೊನೆಯ ಪರಿಮಳದ ವಿಷಯದಲ್ಲಿ ಮಾತ್ರ ಹಿರಿಯರು ಕಸಿ ಗಿಡವನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

## ಜನ, ಚರಿತ್ರೆ, ಕಲೆ

ಕರಿಮೆಣಸಿನ ರಾಣಿ ಎಂಬುದು ಕಥೆಯೋ ಇತಿಹಾಸವೋ?

ಇತಿಹಾಸವೇ. ಗೇರುಸೊಪ್ಪೆಯನ್ನು ರಾಜಧಾನಿಯಾಗಿಸಿಕೊಂಡು ನಗಿರೆ ಸೀಮೆಯನ್ನು ಹದಿನಾರನೆಯ ಶತಮಾನದ ಮಧ್ಯದಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕರಿಮೆಣಸಿನ ರಾಣಿ’ ಎಂದು ಕರೆದರು. ಘಟ್ಟದ ಮೇಲಿನ ಮೆಣಸು ಶರಾವತಿಯ ದೋಣಿದಾರಿಯಲ್ಲಿ ಇಳಿದು ಹೊನ್ನಾವರ ಮತ್ತು ಭಟ್ಕಳದ ಬಂದರುಗಳಿಂದ ಹಡಗು ಹತ್ತುತ್ತಿದ್ದ ಕಾಲದಲ್ಲಿ, ಆ ದಾರಿಯ ಕೀಲಿಕೈ ಅವಳ ಬಳಿ ಇತ್ತು. ಪೋರ್ಚುಗೀಸರೊಂದಿಗೆ ಅವಳು ಕಾದಾಡಿದ್ದೂ ಉಂಟು, ವ್ಯಾಪಾರ ಮಾಡಿದ್ದೂ ಉಂಟು. ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ ಅವಳ ರಾಜ್ಯ ಕೆಳದಿಯ ನಾಯಕರ ವಶವಾಯಿತು. ಗೇರುಸೊಪ್ಪೆಯ ನಗರಬಸ್ತಿಕೇರಿಯಲ್ಲಿ ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ, ಶಿಥಿಲ ಗೋಡೆಗಳು, ಕಾಡು ಕವಿದ ಕಾನೂರು ಕೋಟೆ ಇಂದಿಗೂ ಉಳಿದಿವೆ. ಜೋಗಕ್ಕೆ ಬರುವ ಜನರಲ್ಲಿ ನೂರಕ್ಕೆ ಒಬ್ಬರೂ ಈ ಬಸದಿಯ ಕಡೆ ಹೊರಳುವುದಿಲ್ಲ ಎಂಬುದು ಖೇದದ ಮಾತು.

ಹಸೆ ಚಿತ್ತಾರ ನೋಡಿದರೆ ವರ್ಲಿ ಚಿತ್ರದಂತೆಯೇ ಇದೆ. ಏನು ವ್ಯತ್ಯಾಸ?

ಎರಡರಲ್ಲೂ ಕೆಂಪು ಮಣ್ಣಿನ ಮೇಲೆ ಬಿಳಿ ಗೆರೆಗಳಿರುವುದರಿಂದ ಹಾಗೆ ಅನ್ನಿಸುತ್ತದೆ. ವರ್ಲಿಯಲ್ಲಿ ಮನುಷ್ಯರು, ಕುಣಿತ, ಬೇಟೆಯ ಕಥನ ಮುಖ್ಯ; ಇಲ್ಲಿನ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದಲ್ಲಿ ಜಾಲರಿಯಂಥ ಜ್ಯಾಮಿತಿ ಮುಖ್ಯ. ಮದುವೆಯಲ್ಲಿ ಮದುಮಕ್ಕಳು ಹಸೆಗೆ ಕೂರುವ ಜಾಗದ ಹಿಂದಿನ ಗೋಡೆಗೆ ಕೆಮ್ಮಣ್ಣು ಬಳಿದು, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿ ಬಣ್ಣಗಳಿಂದ, ಪುಂಡಿ ನಾರಿನ ಕುಂಚ ಹಿಡಿದು ಬರೆಯುತ್ತಾರೆ. ಬರೆಯುವಾಗ ಹಾಡೂ ಜೊತೆಗಿರುತ್ತದೆ. ಭೂಮಿ ಹುಣ್ಣಿಮೆಯಂದು ಗದ್ದೆಗೆ ಚರಗ ಹೊತ್ತೊಯ್ಯುವ ಬುಟ್ಟಿಯ ಮೇಲೂ ಇದೇ ಚಿತ್ತಾರ ಬರುತ್ತದೆ. ತುಂಬಿದ ಹೊಡೆಯ ಪೈರನ್ನು ಬಸುರಿ ಎಂದು ಭಾವಿಸಿ ಬಯಕೆ ಬಡಿಸುವ ಹಬ್ಬವದು. ಚಿತ್ತಾರ ಈಗ ಚೌಕಟ್ಟು ಹಾಕಿಸಿಕೊಂಡು ನಗರದ ಗೋಡೆಗಳಿಗೂ ಹೋಗಿದೆ. ಅದರಿಂದ ಬರೆಯುವ ಕೈಗಳಿಗೆ ದುಡಿಮೆ ಸಿಕ್ಕಿದ್ದನ್ನು ಅಲ್ಲಗಳೆಯಲಾಗದು. ಆದರೆ ಗೋಡೆಯಿಂದ ಗೋಡೆಗೆ ಬದಲಾಗುತ್ತಿದ್ದ ವಿನ್ಯಾಸಗಳು ಮಾರುಕಟ್ಟೆಗೆ ಒಪ್ಪುವ ಕೆಲವೇ ಮಾದರಿಗಳಿಗೆ ಇಳಿಯುತ್ತಿರುವುದೂ ಕಣ್ಣಿಗೆ ಬೀಳುತ್ತದೆ.

ಕಾಗೋಡು ಸತ್ಯಾಗ್ರಹಕ್ಕೂ ಈ ಕಣಿವೆಯ ಮುಳುಗಡೆಗೂ ಏನಾದರೂ ಸಂಬಂಧವಿದೆಯೇ?

ನೇರ ಸಂಬಂಧವಿಲ್ಲ, ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಅವರಲ್ಲಿ ಹೆಚ್ಚಿನವರು ದೀವರು, ಗೇಣಿ ಅಳೆಯುವ ಕೊಳಗದ ಅಳತೆಯ ಅನ್ಯಾಯದ ವಿರುದ್ಧ ಸಿಡಿದೆದ್ದರು. ಎಚ್. ಗಣಪತಿಯಪ್ಪ ಸಂಘಟಿಸಿದ ಈ ಹೋರಾಟಕ್ಕೆ ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಹೆಗಲು ಕೊಟ್ಟವು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿಯ ಹಕ್ಕು ಕೊಟ್ಟ ಭೂಸುಧಾರಣೆ ತಿದ್ದುಪಡಿ ಜಾರಿಯಾದದ್ದು 1974ರಲ್ಲಿ. ಲಿಂಗನಮಕ್ಕಿ ತುಂಬಿದ್ದು ಅದಕ್ಕಿಂತ ಹತ್ತು ವರ್ಷ ಮೊದಲು. ದಾಖಲೆಯಲ್ಲಿ ಹೆಸರೇ ಇಲ್ಲದ ಗೇಣಿದಾರ ಪರಿಹಾರದ ಸಾಲಿನಲ್ಲಿ ಎಲ್ಲಿ ನಿಂತಿದ್ದಿರಬೇಕು ಎಂಬುದು ಇದರಿಂದ ಅರ್ಥವಾಗುತ್ತದೆ.

ಕೆಳಗಣಿವೆಯ ಯಕ್ಷಗಾನ ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು?

ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ನಾಲ್ಕನೆಯ ತಲೆಮಾರಿನವರೆಗೂ ನಡೆದುಬಂದಿದೆ. ಮಳೆಗಾಲ ಮುಗಿದು ಮೇಳಗಳ ತಿರುಗಾಟ ಆರಂಭವಾದ ಮೇಲೆ ಬಂದರೆ ಘಟ್ಟದ ಮೇಲೂ ಕೆಳಗೂ ಬಡಗುತಿಟ್ಟಿನ ಆಟಗಳು ಸಿಗುತ್ತವೆ.

## ಇಂದಿನ ವಿವಾದಗಳು

ಒಂದೇ ನೀರಿನಿಂದ ಎಷ್ಟು ಸಲ ಕರೆಂಟು ತೆಗೆಯುತ್ತಾರೆ?

ಮುಖ್ಯ ಹರಿವಿನ ನೀರಿನಿಂದ ಮೂರು ಸಲ. ಲಿಂಗನಮಕ್ಕಿಯಿಂದ ಹೊರಡುವಾಗಲೇ 55 ಮೆಗಾವಾಟ್‌ನ ಅಣೆಕಟ್ಟು ವಿದ್ಯುದಾಗಾರ. ಅಲ್ಲಿಂದ ಕಾಲುವೆಯಲ್ಲಿ ತಲಕಳಲೆಯ ಸಮತೋಲನ ಜಲಾಶಯಕ್ಕೆ ಬಂದು, ಬೃಹತ್ ಕೊಳವೆಗಳಲ್ಲಿ ನಾಲ್ಕು ನೂರು ಮೀಟರಿಗೂ ಹೆಚ್ಚು ಕೆಳಗಿಳಿದಾಗ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ. ಕೊನೆಗೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟ್. ಜೋಗದ ಬುಡದ ಹಳೆಯ ಮಹಾತ್ಮ ಗಾಂಧಿ ವಿದ್ಯುದಾಗಾರದ 139.2 ಮೆಗಾವಾಟ್ ಬೇರೆ. ಎಲ್ಲ ಸೇರಿ 1,400 ಮೆಗಾವಾಟ್‌ಗೂ ಹೆಚ್ಚು. ಬೇಕೆಂದಾಗ ನಿಮಿಷಗಳಲ್ಲಿ ಶುರುಮಾಡಿ ನಿಲ್ಲಿಸಬಹುದಾದ, ಉತ್ಪಾದನಾ ವೆಚ್ಚ ತೀರ ಕಡಿಮೆಯಿರುವ ವಿದ್ಯುತ್ ಇದು. ಈ ನದಿಯ ಮೇಲೆ ಎಲ್ಲರ ಕಣ್ಣಿರುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಅಘನಾಶಿನಿಯಲ್ಲಿ ಸಿಗುವಷ್ಟು ಚಿಪ್ಪಿ ಶರಾವತಿಯಲ್ಲಿ ಯಾಕಿಲ್ಲ? ಅಕ್ಕಪಕ್ಕದ ನದಿಗಳೇ ಅಲ್ಲವೇ?

ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಹೊಳೆಯ ಹರಿವು ಇಳಿದು, ಸಮುದ್ರದ ಉಪ್ಪುನೀರು ಅಳಿವೆಯ ಒಳಗೆ ಬರುತ್ತದೆ. ಚಿಪ್ಪಿಕಲ್ಲುಗಳಿಗೆ ಬೇಕಾದದ್ದು ಇದೇ ಋತುಮಾನದ ಏರಿಳಿತ. ಶರಾವತಿಯಲ್ಲಿ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಇಳಿದುಬರುತ್ತಲೇ ಇರುವುದರಿಂದ ಬೇಸಿಗೆಯಲ್ಲೂ ಅಳಿವೆಯ ಲವಣಾಂಶ ಏರುವುದಿಲ್ಲ. ಕೃಷಿಕರಿಗೆ ಇದು ವರವಾಗಿ ಕಂಡರೂ ಚಿಪ್ಪಿ ಆರಿಸಿ ಬದುಕುತ್ತಿದ್ದ ಕುಟುಂಬಗಳಿಗೆ ನಷ್ಟ. ನದಿಯಲ್ಲಿ ನೀರು ಕಡಿಮೆಯಾದರೆ ಮಾತ್ರ ಹಾನಿ ಎಂಬ ಸಾಮಾನ್ಯ ತಿಳಿವಳಿಕೆಯನ್ನು ಇದು ತಿದ್ದುತ್ತದೆ. ಅಳಿವೆಯ ಬಾಯಿಯಲ್ಲಿ ಇನ್ನೊಂದು ಒತ್ತಡವೂ ಇದೆ: ಕಾಸರಕೋಡಿನ ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅದು ಒಣಮೀನು ಹರಡುವ ಜಾಗವೂ ಹೌದು, ಕಡಲಾಮೆಗಳು ಮೊಟ್ಟೆಯಿಡುವ ಮರಳೂ ಹೌದು. ಅದೇ ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಸ್ವಚ್ಛ ಕಡಲತೀರದ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಬಂತು.

ಕುಡಿಯುವ ನೀರಿಗೂ ಇಲ್ಲ ಅನ್ನುತ್ತೀರಾ? ಬೆಂಗಳೂರಿನವರು ಮನುಷ್ಯರಲ್ಲವೇ?

ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪವನ್ನು ಕಣಿವೆಯವರು ವಿರೋಧಿಸುವುದರ ಬಗ್ಗೆ ಬರುವ ಪ್ರಶ್ನೆ ಇದು. ಇದರ ಕೋಪವನ್ನು ಪಕ್ಕಕ್ಕಿಟ್ಟು ಲೆಕ್ಕ ನೋಡೋಣ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ ಸುಮಾರು 554 ಮೀಟರ್. ಬೆಂಗಳೂರು ಇರುವುದು ಸುಮಾರು 900 ಮೀಟರಿನಲ್ಲಿ, ನಾಲ್ಕು ನೂರು ಕಿಲೋಮೀಟರ್ ದೂರದಲ್ಲಿ. ಒಂದು ಟಿಎಂಸಿ ನೀರನ್ನು ಸುಮಾರು 350 ಮೀಟರ್ ಎತ್ತಲು, ಪಂಪಿನ ದಕ್ಷತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಮೂರು ಕೋಟಿ ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಕೊಳವೆಯೊಳಗಿನ ಘರ್ಷಣೆ, ನಡುವಿನ ಏರುಗಳು ಇದರಲ್ಲಿ ಸೇರಿಲ್ಲ. ಅದೇ ಒಂದು ಟಿಎಂಸಿ ತಲಕಳಲೆಯಿಂದ ಕೆಳಗಿಳಿದರೆ ಸುಮಾರು ಮೂರು ಕೋಟಿ ಯೂನಿಟ್ ಉತ್ಪಾದನೆಯಾಗುತ್ತದೆ. ಹೀಗೆ ಪ್ರತಿ ಟಿಎಂಸಿಗೆ ಎರಡು ಕಡೆಯಿಂದಲೂ ನಷ್ಟ. 2019ರಲ್ಲಿ ಈ ಪ್ರಸ್ತಾಪ ಮುನ್ನೆಲೆಗೆ ಬಂದಾಗ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಆ ವಿರೋಧದಲ್ಲಿ ಭಾವುಕತೆಯೂ ಇತ್ತು. ಆದರೆ ಬೆಂಗಳೂರಿನ ಕೆರೆಗಳು, ಮಳೆನೀರು ಮತ್ತು ಸಂಸ್ಕರಿಸಿದ ತ್ಯಾಜ್ಯನೀರಿನ ಬಳಕೆಗೆ ಬೇಕಾದ ಹಣವನ್ನೂ ಈ ಯೋಜನೆಯ ಹಣವನ್ನೂ ಎದುರುಬದುರು ಇಟ್ಟು ತೋರಿಸಿ ಎಂಬ ಬೇಡಿಕೆ ಭಾವುಕವಲ್ಲ. ಹಿನ್ನೀರಿನ ದಡದ ಹಲವು ಹಳ್ಳಿಗಳಲ್ಲಿ ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಪರದಾಟವಿದೆ ಎಂಬುದನ್ನೂ ಪ್ರಶ್ನೆ ಕೇಳಿದವರು ತಿಳಿದಿರಬೇಕು.

ಹಗಲು ಸೋಲಾರ್ ವಿದ್ಯುತ್ ಮಿಗುತ್ತದೆ, ರಾತ್ರಿ ಸಾಲುವುದಿಲ್ಲ. ಹಾಗಿರುವಾಗ ಪಂಪ್ಡ್ ಸ್ಟೋರೇಜ್ ಯೋಜನೆಗೆ ವಿರೋಧ ಯಾಕೆ?

ತಂತ್ರಜ್ಞಾನಕ್ಕೆ ವಿರೋಧವಿಲ್ಲ, ಜಾಗಕ್ಕೆ ವಿರೋಧ. ಕರ್ನಾಟಕ ವಿದ್ಯುತ್ ನಿಗಮದ ಈ ಯೋಜನೆಯಲ್ಲಿ ತಲಕಳಲೆ ಮೇಲಿನ ಜಲಾಶಯ, ಗೇರುಸೊಪ್ಪೆ ಕೆಳಗಿನದು. ವಿದ್ಯುತ್ ಅಗ್ಗವಿರುವಾಗ ನೀರನ್ನು ಮೇಲೆತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು 2,000 ಮೆಗಾವಾಟ್ ಉತ್ಪಾದಿಸುವುದು ಉದ್ದೇಶ. ಇಂಥ ವ್ಯವಸ್ಥೆಯಲ್ಲಿ ನೂರು ಯೂನಿಟ್ ಹಾಕಿದರೆ ಎಪ್ಪತ್ತೈದರಿಂದ ಎಂಬತ್ತು ಯೂನಿಟ್ ಮರಳುತ್ತದೆ. ಅಂದರೆ ಇದು ವಿದ್ಯುತ್ತನ್ನು ಕೂಡಿಡುತ್ತದೆ, ಹೊಸದಾಗಿ ಸೃಷ್ಟಿಸುವುದಿಲ್ಲ. ಎರಡೂ ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಇಲ್ಲ ಎಂಬ ಸರ್ಕಾರದ ವಾದದಲ್ಲಿ ಹುರುಳಿದೆ, ಅದನ್ನು ಒಪ್ಪಬೇಕು.

ಆದರೆ ಎರಡು ಜಲಾಶಯಗಳ ನಡುವೆ ಇರುವುದು ಸಿಂಗಳೀಕ ಅಭಯಾರಣ್ಯದ ಕಡಿದಾದ ಇಳಿಜಾರು. ಸುರಂಗ, ನೆಲದಡಿಯ ವಿದ್ಯುದಾಗಾರ, ಅಲ್ಲಿಗೆ ಹೋಗುವ ರಸ್ತೆಗಳು, ತೋಡಿದ ಕಲ್ಲುಮಣ್ಣು ಸುರಿಯುವ ಜಾಗ, ಹೊಸ ವಿದ್ಯುತ್ ಮಾರ್ಗ ಎಲ್ಲವೂ ಅದೇ ಕಾಡಿನಲ್ಲಾಗಬೇಕು. ಐವತ್ತಕ್ಕೂ ಹೆಚ್ಚು ಹೆಕ್ಟೇರ್ ಅರಣ್ಯಭೂಮಿ, ಸಾವಿರಾರು ಮರಗಳು ಇದಕ್ಕೆ ಬೇಕು. ಘಟ್ಟದ ಇಳಿಜಾರುಗಳು ಮಳೆಗೆ ಕುಸಿಯುವುದನ್ನು ಪ್ರತಿ ವರ್ಷ ನೋಡುತ್ತಿರುವವರಿಗೆ ಸ್ಫೋಟದ ಕೆಲಸ ಎಂದರೆ ದಿಗಿಲಾಗುವುದು ಸಹಜ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ 2025ರಲ್ಲಿ ತಾತ್ವಿಕ ಒಪ್ಪಿಗೆ ನೀಡಿತು. ಅದೇ ಸೆಪ್ಟೆಂಬರಿನಲ್ಲಿ ಎರಡೂ ಜಿಲ್ಲೆಗಳಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಅಭಯಾರಣ್ಯದ ಹೊರಗಿನ ಜಾಗಗಳನ್ನೂ ಬ್ಯಾಟರಿ ಸಂಗ್ರಹದ ಇಳಿಯುತ್ತಿರುವ ವೆಚ್ಚವನ್ನೂ ಇದರೊಂದಿಗೆ ತೂಗಿ ನೋಡಿದ ವರದಿಯನ್ನು ಕಣಿವೆಯ ಜನರ ಮುಂದೆ ಕನ್ನಡದಲ್ಲಿ ಇಡಲಾಗಿದೆಯೇ?

ಅಜ್ಜನ ಕಾಲದಲ್ಲಿ ಸರ್ಕಾರವೇ ತಂದು ಕೂರಿಸಿದ ಜಾಗ ಇದು. ಅರವತ್ತು ವರ್ಷವಾದರೂ ಹಕ್ಕುಪತ್ರ ಯಾಕಿಲ್ಲ?

ಈ ಪ್ರಶ್ನೆಯೇ ಪತ್ರಗಳಲ್ಲಿ ಹೆಚ್ಚು ಬರುವುದು. ಲಿಂಗನಮಕ್ಕಿಗಾಗಿ ಮನೆ, ಗದ್ದೆ, ತೋಟ ಕಳೆದುಕೊಂಡ ಸಾವಿರಾರು ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿಗೆ ಲಾರಿಗಳಲ್ಲಿ ಸಾಗಿಸಲಾಯಿತು. ಜಾಗ ತೋರಿಸಿದ್ದು ಸರ್ಕಾರ. ಆದರೆ ಆ ಜಾಗವನ್ನು ಅರಣ್ಯದ ದಾಖಲೆಯಿಂದ ಕಳಚಿ ಕಂದಾಯಕ್ಕೆ ಸೇರಿಸುವ ಕೆಲಸ ಅರ್ಧಕ್ಕೇ ನಿಂತಿತು. 1980ರವರೆಗೆ ರಾಜ್ಯ ಸರ್ಕಾರ ತಾನೇ ಒಂದು ಆದೇಶದಿಂದ ಅದನ್ನು ಮುಗಿಸಬಹುದಿತ್ತು. ಆ ವರ್ಷ ಅರಣ್ಯ ಸಂರಕ್ಷಣಾ ಕಾಯ್ದೆ ಬಂದು ಕೇಂದ್ರದ ಪೂರ್ವಾನುಮತಿ ಕಡ್ಡಾಯವಾಯಿತು. ಮುಂದೆ ಅಂಥ ಅನುಮತಿಯಿಲ್ಲದೆ ರಾಜ್ಯ ಹೊರಡಿಸಿದ ಆದೇಶವನ್ನು 2021ರಲ್ಲಿ ಹೈಕೋರ್ಟ್ ರದ್ದುಪಡಿಸಿತು; ಮರುವರ್ಷ ಸರ್ಕಾರ ಅದೇ ಬಗೆಯ ಇತರ ಅಧಿಸೂಚನೆಗಳನ್ನು ತಾನೇ ಹಿಂತೆಗೆದುಕೊಂಡಿತು. ತೀರ್ಪು ಕಾನೂನಿನ ದೃಷ್ಟಿಯಿಂದ ಅನಿರೀಕ್ಷಿತವೇನಲ್ಲ. ತಪ್ಪು ನಡೆದದ್ದು 1964 ಮತ್ತು 1980ರ ನಡುವಿನ ಹದಿನಾರು ವರ್ಷಗಳಲ್ಲಿ, ಕೈಯಲ್ಲಿ ಅಧಿಕಾರವಿದ್ದಾಗ ಕಡತ ಕದಲದೇ ಇದ್ದುದರಲ್ಲಿ.

ಇದರ ಫಲವಾಗಿ ಎಷ್ಟೋ ಕುಟುಂಬಗಳಿಗೆ ಪಹಣಿಯಲ್ಲಿ ಹೆಸರಿಲ್ಲ; ಹಾಗಾಗಿ ಬ್ಯಾಂಕ್ ಸಾಲ, ಪೋಡಿ, ಅಣ್ಣತಮ್ಮಂದಿರ ನಡುವೆ ಪಾಲು ಯಾವುದೂ ಆಗುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಾರದೇ ಎಂದು ಹಲವರು ಕೇಳುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಕಾಡನ್ನು ಅವಲಂಬಿಸಿ ನೆಲೆಸಿದ್ದನ್ನು ತೋರಿಸಬೇಕೆಂದು ಆ ಕಾಯ್ದೆ ಹೇಳುತ್ತದೆ. 1960ರ ದಶಕದಲ್ಲಿ ಸರ್ಕಾರವೇ ಕರೆತಂದು ಬಿಟ್ಟವರು ಈಗಿರುವ ಜಾಗದಲ್ಲಿ ಆ ಷರತ್ತನ್ನು ಪೂರೈಸುವುದು ಸಾಧ್ಯವೇ ಇಲ್ಲ. ಉಳಿದಿರುವ ದಾರಿ, ಸಮೀಕ್ಷೆ ಮುಗಿಸಿ ಪ್ರತಿ ಸರ್ವೆ ನಂಬರಿನ ವಿವರದೊಂದಿಗೆ ಕೇಂದ್ರದ ಒಪ್ಪಿಗೆ ಪಡೆಯುವುದು. ಅದಕ್ಕಾಗಿ ಕುಟುಂಬಗಳು ಮುಳುಗಿದ ಜಮೀನಿನ ಭೂಸ್ವಾಧೀನ ಆದೇಶದ ನಕಲು, ಪರಿಹಾರ ಪಡೆದ ರಸೀದಿ, ಜಾಗ ತೋರಿಸಿದಾಗ ಕೊಟ್ಟ ಚೀಟಿ, ಹಳೆಯ ಕಂದಾಯ ರಸೀದಿ ಇವುಗಳಲ್ಲಿ ಯಾವುದಿದ್ದರೂ ಜೋಪಾನ ಮಾಡಿ, ದೃಢೀಕೃತ ನಕಲುಗಳನ್ನು ಈಗಲೇ ತೆಗೆಸಿಟ್ಟುಕೊಳ್ಳಬೇಕು. ಸಮೀಕ್ಷೆಗೆ ಸಿಬ್ಬಂದಿ ಊರಿಗೆ ಬಂದ ದಿನ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಆ ಹೆಸರು ಪಟ್ಟಿಯಿಂದ ಬಿಟ್ಟುಹೋಗಬಹುದು; ನಗರದಲ್ಲಿ ಕೆಲಸಕ್ಕಿರುವ ಮಕ್ಕಳು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.